ಸೀಟು ಖಾಲಿ ಇದ್ರೂ ಎಲೆಕ್ಟ್ರಾನ್ ಯಾಕೆ ಕದಲಲ್ಲ?

ನಾನು ಲೋಕಾಪುರದವನು. ನಮ್ಮೂರಿಂದ ಮುಧೋಳಕ್ಕೆ ಹೋಗೋ ಬಸ್ಸನ್ನ ಒಮ್ಮೆ ನೆನಪು ಮಾಡ್ಕೊಳ್ರಿ. ಇಬ್ಬರು ಕೂರೋ ಸೀಟಲ್ಲಿ ಒಬ್ಬೊಬ್ಬರೇ ಕೂತಿದ್ದಾರೆ. ಅರ್ಧ ಬಸ್ ಖಾಲಿ. ಆದ್ರೂ ಗುರುತಿಲ್ಲದವರ ಪಕ್ಕ ಹೋಗಿ ಕೂರೋಕೆ ಯಾರಿಗೂ ಮನಸ್ಸಿಲ್ಲ. ಹಾಗಾಗಿ ಯಾರೂ ಕದಲಲ್ಲ. ಘನವಸ್ತುವಿನೊಳಗಿನ ಎಲೆಕ್ಟ್ರಾನ್‌ಗಳ ಕಥೆಯೂ ಕೆಲವೊಮ್ಮೆ ಇದೇ.

1930ರ ದಶಕದ ಲೆಕ್ಕ ಸರಳವಾಗಿತ್ತು. ಪ್ರತಿ ಎಲೆಕ್ಟ್ರಾನ್ ತನ್ನ ಪಾಡಿಗೆ ತಾನು ಓಡಾಡುತ್ತದೆ. ಜಾಗ ಇದ್ದರೆ ವಿದ್ಯುತ್ ಹರಿಯುತ್ತದೆ. ತಾಮ್ರದ ತಂತಿಗೆ ಇದು ಸರಿಹೋಯ್ತು. ಆದರೆ 1937ರಲ್ಲಿ ಡಿ ಬೂರ್ ಮತ್ತು ಫರ್ವೇ ಎಂಬ ಡಚ್ ವಿಜ್ಞಾನಿಗಳು ನಿಕ್ಕಲ್ ಆಕ್ಸೈಡ್ ಕಡೆ ಬೊಟ್ಟು ಮಾಡಿದರು. ಲೆಕ್ಕದ ಪ್ರಕಾರ ಅದರಲ್ಲಿ ವಿದ್ಯುತ್ ಹರೀಬೇಕು, ಹರಿಯಲ್ಲ! ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ ಅನ್ನೋದನ್ನ ಲೆಕ್ಕ ಮರೆತಿತ್ತು. ಇದನ್ನು ಬಿಡಿಸಿ ಹೇಳಿದ ನೆವಿಲ್ ಮಾಟ್ ಹೆಸರಿನಲ್ಲೇ ಇಂಥ ವಸ್ತುಗಳನ್ನು ಈಗ 'ಮಾಟ್ ಇನ್ಸುಲೇಟರ್' ಅಂತಾರೆ.

ಈಗ ಬೆಂಗಳೂರಿಗೆ ಬರೋಣ. 1976ರಲ್ಲಿ ಸಿ.ಎನ್.ಆರ್. ರಾವ್ ಕಾನ್ಪುರ ಬಿಟ್ಟು ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು, ಘನಸ್ಥಿತಿ ರಸಾಯನಶಾಸ್ತ್ರಕ್ಕೇ ಒಂದು ವಿಭಾಗ ಕಟ್ಟಿದರು. 1984ರಲ್ಲಿ ಗಂಗೂಲಿ ಮತ್ತು ರಾವ್ ಪದರ ಪದರವಾಗಿರುವ ಲೋಹದ ಆಕ್ಸೈಡ್‌ಗಳ ಬಗ್ಗೆ ಲೇಖನ ಪ್ರಕಟಿಸಿದರು. ಆ ಕುಟುಂಬದ್ದೇ ಒಂದು ವಸ್ತು ಲ್ಯಾಂಥನಮ್ ತಾಮ್ರದ ಆಕ್ಸೈಡ್. ಅದು ಥೇಟ್ ನಮ್ಮ ಬಸ್ಸು: ತಾಮ್ರದ ಪ್ರತಿ ಪರಮಾಣುವಿನಲ್ಲೂ ಒಂದೊಂದು ಒಂಟಿ ಎಲೆಕ್ಟ್ರಾನ್, ಎಲ್ಲವೂ ಇದ್ದಲ್ಲೇ.

1986ರಲ್ಲಿ ಜ್ಯೂರಿಕ್ ಬಳಿ ಬೆಡ್ನೋರ್ಟ್ಸ್ ಮತ್ತು ಮ್ಯುಲರ್ ಅಂಥ ವಸ್ತುವಿಗೆ ಬೇರಿಯಂ ಸೇರಿಸಿದರು. ಕೆಲವು ಎಲೆಕ್ಟ್ರಾನ್ ಕಡಿಮೆಯಾದವು. ನಾಲ್ಕು ಜನ ಇಳಿದು ಪೂರ್ತಿ ಸೀಟುಗಳೇ ಖಾಲಿಯಾದ ಹಾಗೆ! ಉಳಿದವರು ಸರಿದಾಡಿದರು. ಸುಮಾರು 30 ಕೆಲ್ವಿನ್‌ಗೆ ತಣಿಸಿದಾಗಲಂತೂ ವಿದ್ಯುತ್ತಿಗೆ ತಡೆಯೇ ಇಲ್ಲದಂತಾಯ್ತು. ಮರುವರ್ಷವೇ ಅವರಿಗೆ ನೊಬೆಲ್.

ಬೆಂಗಳೂರಿಗೆ ಚೆನ್ನಾಗಿ ಗೊತ್ತಿದ್ದ ಮನೆ, ಬಾಗಿಲು ತೆಗೆದದ್ದು ಮಾತ್ರ ಬೇರೆಯವರು. ನನಗೆ ಇದು ಸ್ವಲ್ಪ ಚುಚ್ಚುತ್ತೆ. ಹಾಗಂತ ಆ ಪರಿಚಯ ವ್ಯರ್ಥವಾಗಲಿಲ್ಲ. 1987ರಲ್ಲಿ ದ್ರವ ಸಾರಜನಕದ 77 ಕೆಲ್ವಿನ್‌ಗಿಂತ ಮೇಲೂ ಸೂಪರ್‌ಕಂಡಕ್ಟರ್ ಆಗಿರುವ ಇಟ್ರಿಯಂ ವಸ್ತುವಿನ ಸುದ್ದಿ ಬಂತು. ರಾವ್ ತಂಡವೂ ಅದನ್ನು ತಯಾರಿಸಿ, ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಬರೆಯಿತು.

ಒಂದನ್ನೊಂದು ತಳ್ಳೋ ಎಲೆಕ್ಟ್ರಾನ್‌ಗಳು ಇಲ್ಲಿ ಜೋಡಿಯಾಗಿ ಹರಿಯೋದು ಹೇಗೆ? ಎಲ್ಲರೂ ಒಪ್ಪೋ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಪಿಯುಸಿ ಓದ್ತಿರೋ ತಮ್ಮ, ತಂಗಿ, ಆ ಸೀಟಿಗೆ ಇನ್ನೂ ಯಾರೂ ಟವೆಲ್ ಹಾಕಿಲ್ಲ ನೋಡ್ರಿ.