ನಿರಾಶ್ರಿತರ ಓದಿಗೆ ನೆರೆಯವರ ನೆರವು

ಒಂದು ಅಭಿವೃದ್ಧಿಶೀಲ ದೇಶ ಇನ್ನೊಂದರ ನಿರಾಶ್ರಿತ ಮಕ್ಕಳನ್ನು ತನ್ನ ಖರ್ಚಿನಲ್ಲಿ ಓದಿಸುವ ಪದ್ಧತಿ ವಸಾಹತುಗಳು ಸ್ವತಂತ್ರವಾದ ಕಾಲದಲ್ಲಿ ರೂಪುಗೊಂಡಿತು. 1950ರಲ್ಲಿ ಮೌಲಾನಾ ಆಜಾದರು ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು (ಐಸಿಸಿಆರ್) ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳನ್ನು ಭಾರತಕ್ಕೆ ಕರೆತಂದಿತು. ನಮೀಬಿಯಾದ ದೇಶಭ್ರಷ್ಟರಿಗಾಗಿ 1976ರಲ್ಲಿ ಲುಸಾಕಾದಲ್ಲಿ ವಿಶ್ವಸಂಸ್ಥೆಯ ವಿದ್ಯಾಸಂಸ್ಥೆಯೊಂದು ತೆರೆಯಿತು. 1978ರ ಮೇ ತಿಂಗಳಲ್ಲಿ ಅಂಗೋಲಾದ ಕಸಿಂಗಾದಲ್ಲಿದ್ದ ನಮೀಬಿಯನ್ನರ ಶಿಬಿರದ ಮೇಲೆ ನಡೆದ ದಾಳಿಯಲ್ಲಿ ಬದುಕುಳಿದ ಮಕ್ಕಳನ್ನು ಕ್ಯೂಬಾ ಕರೆಸಿಕೊಂಡು ವಸತಿ ಶಾಲೆಗಳಲ್ಲಿ ಓದಿಸಿತು.

ಕರ್ನಾಟಕದ ದಾರಿ ಬೇರೆ, ಮತ್ತು ಹೆಚ್ಚು ಗಟ್ಟಿ. ಟಿಬೆಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ ಜಮೀನು ಸಿಕ್ಕಿತು; 1960ರಲ್ಲಿ ಅಲ್ಲಿ ವಸತಿ ಆರಂಭವಾಯಿತು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ ಆನಂತರದವು. ಜಮೀನಿನ ಬೆನ್ನಿಗೇ ಶಾಲೆ ಬಂತು. 1961ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಶಾಲೆಗಳಿಗೆಂದೇ ಪ್ರತ್ಯೇಕ ಆಡಳಿತ ಸಂಸ್ಥೆ ರಚಿಸಿತು. ಸೆರಾ, ಡ್ರೆಪುಂಗ್, ಗಾಂದೆನ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು; ಬಿಡದಿ ಸಮೀಪದ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯೂ ಬೆಳೆಯಿತು. ನಿರಾಶ್ರಿತರ ಶಿಕ್ಷಣವೆಂದರೆ ಶ್ರೀಮಂತ ದೇಶಗಳ ಕ್ಯಾಂಪಸ್ಸಿನಲ್ಲಿ ಬೆರಳೆಣಿಕೆಯ ಸೀಟು ಎಂದು ಈಗ ಬರೆಯುವವರು ಬೈಲಕುಪ್ಪೆಯನ್ನು ಗಮನಿಸಿಯೇ ಇಲ್ಲ. ತಿಂಗಳ ಹಣ ಒಬ್ಬನನ್ನು ಓದಿಸುತ್ತದೆ; ನೆಲದ ಜೊತೆ ಕೊಟ್ಟ ಶಾಲೆ ತಲೆಮಾರುಗಳನ್ನೇ ಓದಿಸಿತು.

ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ 1992ರಿಂದ ಜರ್ಮನಿಯ ನೆರವಿನಲ್ಲಿ ನಡೆಸುತ್ತಿರುವ ಡಾಫಿ ಯೋಜನೆಯಲ್ಲಿ ಹಣ ಶ್ರೀಮಂತ ದೇಶದ್ದು, ತರಗತಿ ಬಹುಮಟ್ಟಿಗೆ ಆಶ್ರಯ ಕೊಟ್ಟ ಬಡ ದೇಶದ್ದು. ಇಷ್ಟಾದರೂ 2023ರ ಹೊತ್ತಿಗೆ ಜಗತ್ತಿನ ನಿರಾಶ್ರಿತ ಯುವಜನರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಶೇ. 7ರಷ್ಟು ಮಾತ್ರ.

ಸರ್ಕಾರದಿಂದ ಸರ್ಕಾರಕ್ಕೆ ಸಲ್ಲುವ ವಿದ್ಯಾರ್ಥಿವೇತನದ ದೌರ್ಬಲ್ಯ 2021ರ ಆಗಸ್ಟಿನಲ್ಲಿ ಬಯಲಾಯಿತು. ಕಾಬೂಲ್ ತಾಲಿಬಾನಿನ ವಶವಾದಾಗ ಮೈಸೂರು, ಬೆಂಗಳೂರುಗಳಲ್ಲಿ ಓದುತ್ತಿದ್ದ ಆಫ್ಘನ್ ವಿದ್ಯಾರ್ಥಿಗಳಿಗೆ ಹಿಂದಿರುಗುವ ಊರೇ ಇಲ್ಲದಂತಾಯಿತು. ರಜೆಗೆ ಹೋಗಿದ್ದವರ ಸ್ಥಿತಿ ಇನ್ನೂ ಕಷ್ಟ: ಭಾರತದ ಹೊರಗಿದ್ದ ಆಫ್ಘನ್ನರ ಹಳೆಯ ವೀಸಾಗಳು ಅದೇ ತಿಂಗಳು ರದ್ದಾದವು. 2023ರಲ್ಲಿ ಐಸಿಸಿಆರ್ ಆಫ್ಘನ್ನರಿಗೆ 1,000 ಆನ್‌ಲೈನ್ ವಿದ್ಯಾರ್ಥಿವೇತನ ಘೋಷಿಸಿತು. ಹುಡುಗಿಯರಿಗೆ ಕಾಲೇಜೇ ಮುಚ್ಚಿರುವ ದೇಶಕ್ಕೆ ಇದು ಸಣ್ಣ ನೆರವಲ್ಲ. ಆದರೆ ತರಗತಿ, ಹಾಸ್ಟೆಲ್, ಗೆಳೆತನಗಳಿಗೆ ಅದು ಬದಲಿಯಾಗದು.

ಕಲ್ಯಾಣ ಕರ್ನಾಟಕ ಈ ಚರಿತ್ರೆಯಲ್ಲಿ ಕಾಣುವುದೇ ಅಪರೂಪ. ಟಿಬೆಟಿಯನ್ ವಸತಿಗಳಲ್ಲಿ ಒಂದೂ ಇತ್ತ ಬರಲಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆ ನಿಂತವು. ಅವರಿಗೆ ಹೊಲ ಸಿಕ್ಕಿತು, ಟಿಬೆಟಿಯನ್ನರಿಗೆ ಸಿಕ್ಕಂಥ ಶಾಲಾ ವ್ಯವಸ್ಥೆ ಸಿಗಲಿಲ್ಲ. ಇವರಲ್ಲಿರುವ, ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾದ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲ. ಆ ಪಟ್ಟಿಯ ವಿದ್ಯಾರ್ಥಿವೇತನ ಅವರ ಮಕ್ಕಳಿಗೆ ದಕ್ಕದು. ಓದಿಸಲು ಇಲ್ಲಿ ಜಾಗವಿಲ್ಲದೆಯೂ ಇಲ್ಲ: ಕಲಬುರಗಿಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ, 2009ರಿಂದ ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ವಿದೇಶಿ ವಿದ್ಯಾರ್ಥಿಗಳಿಗೆ ಶೇ. 25ರವರೆಗೆ ಹೆಚ್ಚುವರಿ ಸೀಟು ಕೊಡಬಹುದೆಂದು ಯುಜಿಸಿ 2022ರಲ್ಲಿ ಹೇಳಿತು. ಅದರ ಪ್ರಕಾರ ವಿದೇಶಿ ವಿದ್ಯಾರ್ಥಿ ಎಂದರೆ ವಿದೇಶಿ ಪಾಸ್‌ಪೋರ್ಟ್ ಇರುವವನು. ಪಾಸ್‌ಪೋರ್ಟ್ ಬಿಟ್ಟು ಓಡಿಬಂದವರನ್ನೂ ಆ ವ್ಯಾಖ್ಯೆಯೊಳಗೆ ಸೇರಿಸಬೇಕು.