ನಾಣ್ಯ ಕರಗಿದರೂ ಚಿತ್ರ ಉಳಿಯಬೇಕು

ಮೊಗಲ್ ಚಕ್ರವರ್ತಿ ಷಹಜಹಾನನ ಕಾಲದಲ್ಲಿ, 1654ರ ಸುಮಾರಿಗೆ, 200 ಮೊಹರು ಬೆಲೆಯ ಒಂದು ಭಾರಿ ಚಿನ್ನದ ನಾಣ್ಯ ಟಂಕಿತವಾಯಿತು. ಅದರ ಅಗಲ ಸುಮಾರು 13 ಸೆಂಟಿಮೀಟರಿಗೂ ಹೆಚ್ಚು, ತೂಕ ಎರಡು ಕಿಲೋಗ್ರಾಂಗಿಂತ ಅಧಿಕ. 19ನೇ ಶತಮಾನದಲ್ಲಿ ಅದು ಪಟ್ನಾದಲ್ಲಿ ಕಣ್ಮರೆಯಾಯಿತು. ಇಂದು ಅದರ ರೂಪ ತಿಳಿಯುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಉಳಿದಿರುವ ಒಂದು ಪ್ಲಾಸ್ಟರ್ ಪಡಿಯಚ್ಚಿನಿಂದ. ಚಿನ್ನ ಹೋಯಿತು, ಸುಣ್ಣದಂಥ ಬಿಳಿ ಬಿಲ್ಲೆ ಇತಿಹಾಸಕ್ಕೆ ಸಾಕ್ಷಿಯಾಗಿ ನಿಂತಿತು.

ಬೆಲೆಬಾಳುವ ಲೋಹದ ಹಣೆಬರಹವೇ ಅಂಥದು. ಕದ್ದವನೂ ಕರಗಿಸುತ್ತಾನೆ, ಕಷ್ಟಕ್ಕೆ ಸಿಕ್ಕಿದವನೂ ಕರಗಿಸುತ್ತಾನೆ. ಆದ್ದರಿಂದ ನಾಣ್ಯದ ಚಿತ್ರವೆಂದರೆ ಬರಿಯ ಅಲಂಕಾರವಲ್ಲ, ಅದೊಂದು ದಾಖಲೆ. ಛಾಯಾಗ್ರಹಣದ ಪ್ರವರ್ತಕರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ 1844ರಷ್ಟು ಹಿಂದೆಯೇ ಇದನ್ನು ಮನಗಂಡಿದ್ದ. ಪಿಂಗಾಣಿ ಸಂಗ್ರಹವೊಂದರ ಚಿತ್ರವನ್ನು ಪ್ರಕಟಿಸುತ್ತ, ವಸ್ತುಗಳು ಕಳುವಾದರೆ ಇಂಥ ಚಿತ್ರ ನ್ಯಾಯಾಲಯದಲ್ಲಿ ಸಾಕ್ಷ್ಯವಾದೀತು ಎಂದು ಸೂಚಿಸಿದ್ದ.

ಅದಕ್ಕೆ ಮೊದಲು ನಾಣ್ಯಗಳನ್ನು ಕಲಾವಿದರು ಕೈಯಿಂದ ಬರೆಯುತ್ತಿದ್ದರು. ಸವೆದ ಅಕ್ಷರವನ್ನು ತಿದ್ದಿ ತುಂಬುವುದು, ಮುರಿದ ಮೂಗನ್ನು ನೇರ ಮಾಡುವುದು ಅವರಿಗೆ ಸಹಜವಾಗಿತ್ತು. ಚಿತ್ರ ಅಂದವಾಗುತ್ತಿತ್ತು, ಆದರೆ ವಿದ್ವಾಂಸನಿಗೆ ಬೇಕಾದ ಗುರುತು ಅಳಿಸಿಹೋಗುತ್ತಿತ್ತು. ಹಿಂದೆ ಟಂಕಸಾಲೆಯ ಪ್ರತಿಯೊಂದು ಅಚ್ಚನ್ನೂ ಕೈಯಲ್ಲೇ ಕೊರೆಯುತ್ತಿದ್ದುದರಿಂದ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಅಚ್ಚಿನಲ್ಲಿ ಬಿದ್ದ ಸಣ್ಣ ಬಿರುಕೂ ಮುಂದಿನ ನಾಣ್ಯಗಳ ಮೇಲೆಲ್ಲ ಮೂಡುತ್ತದೆ. ಎರಡು ಊರುಗಳಲ್ಲಿ ಸಿಕ್ಕ ನಾಣ್ಯಗಳು ಒಂದೇ ಅಚ್ಚಿನವೇ, ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯುವುದು ಇಂಥ ಕುರುಹುಗಳಿಂದಲೇ.

ಕ್ಯಾಮೆರಾ ಬಂದ ಮೇಲೂ ಸಮಸ್ಯೆ ಬಗೆಹರಿಯಲಿಲ್ಲ. ನಾಣ್ಯ ಹೊಳೆಯುತ್ತದೆ, ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಒಂದು ಭಾಗ ಬೆಳ್ಳಗೆ ಕುರುಡಾದರೆ ಇನ್ನೊಂದು ಭಾಗ ಕಪ್ಪಾಗುತ್ತದೆ. ಅದಕ್ಕಾಗಿ 19ನೇ ಶತಮಾನದ ವಿದ್ವಾಂಸರು ನಾಣ್ಯದ ಪ್ಲಾಸ್ಟರ್ ಪಡಿಯಚ್ಚು ತೆಗೆದು ಅದರ ಫೋಟೊ ಹಿಡಿದರು. ಬ್ರಿಟಿಷ್ ಮ್ಯೂಸಿಯಂ ಪ್ರಕಟಿಸಿದ ಪ್ರಸಿದ್ಧ ನಾಣ್ಯಸೂಚಿಗಳ ಎಷ್ಟೋ ಚಿತ್ರಪುಟಗಳು ಹೀಗೆ ತಯಾರಾದವು. ಪ್ಲಾಸ್ಟರಿಗೆ ಹೊಳಪಿಲ್ಲ, ಉಬ್ಬುತಗ್ಗು ಸ್ಪಷ್ಟ. ಆದರೆ ಲೋಹದ ಬಣ್ಣ ಮಾತ್ರ ಅಲ್ಲಿ ಕಾಣುವುದಿಲ್ಲ.

ನಾಣ್ಯವನ್ನೇ ನೇರವಾಗಿ ಚಿತ್ರಿಸುವವನಿಗೆ ಬೆಳಕೇ ಮುಖ್ಯ ಉಪಕರಣ. ಮೇಲಿನ ಎಡಬದಿಯಿಂದ ಬೆಳಕು ಬೀಳಿಸುವುದು ವಾಡಿಕೆ. ಕೆಳಗಿನಿಂದ ಬಿದ್ದರೆ ನಮ್ಮ ಕಣ್ಣು ಮೋಸಹೋಗಿ ಉಬ್ಬಿದ್ದನ್ನು ತಗ್ಗೆಂದು ತಿಳಿಯುತ್ತದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯವನ್ನೇ ನೋಡಿ. ಅದರ ಹಿಂಬದಿಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಬಿರುದು ಕನ್ನಡ ಲಿಪಿಯಲ್ಲಿದೆ. ಓರೆ ಬೆಳಕಿನ ದಿಕ್ಕಿಗೆ ಅಡ್ಡವಾಗಿರುವ ಗೆರೆಗೆ ನೆರಳು ಬಿದ್ದು ಅದು ಎದ್ದು ಕಾಣುತ್ತದೆ. ಬೆಳಕಿನ ಜೊತೆಗೇ ಸಾಗುವ ಗೆರೆ ಮಾಯವಾಗುತ್ತದೆ. ನಮ್ಮ ಲಿಪಿಯ ದುಂಡನೆಯ ಅಕ್ಷರದಲ್ಲಂತೂ ಅರ್ಧ ಕಂಡು ಅರ್ಧ ಅಡಗಬಹುದು. ಹಾಗಾಗಿ ದೀಪದ ಜಾಗ ಬದಲಿಸಿ ಎರಡು ಮೂರು ಚಿತ್ರ ತೆಗೆಯಬೇಕಾಗುತ್ತದೆ. ಕನ್ನಡಿ ಹೊಳಪಿನ ಹೊಸ ನಾಣ್ಯಗಳಿಗೆ ಲೆನ್ಸಿಗೂ ನಾಣ್ಯಕ್ಕೂ ನಡುವೆ 45 ಡಿಗ್ರಿ ಓರೆಯಲ್ಲಿ ಗಾಜಿಟ್ಟು, ಪಕ್ಕದ ಬೆಳಕನ್ನು ನೇರ ಕೆಳಕ್ಕೆ ಹಾಯಿಸುವ ಉಪಾಯವಿದೆ.

ಗಾತ್ರದ ತೊಡಕು ಬೇರೆ. ವಿಜಯನಗರದ ವರಹದ ಅಗಲ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಅಷ್ಟು ಹತ್ತಿರದಿಂದ ಚಿತ್ರ ತೆಗೆಯುವಾಗ ಉಬ್ಬು ನಿಚ್ಚಳವಾದರೆ ಹಿನ್ನೆಲೆ ಮಸುಕಾಗುತ್ತದೆ. ಕ್ಯಾಮೆರಾ ಚೂರು ಓರೆಯಾದರೂ ದುಂಡು ನಾಣ್ಯ ಮೊಟ್ಟೆಯಾಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ ವರಹವೂ ರೂಪಾಯಿಯೂ ಪುಸ್ತಕದಲ್ಲಿ ಒಂದೇ ಗಾತ್ರ!

ಎಲ್ಲಕ್ಕಿಂತ ದೊಡ್ಡ ಅಪಾಯ ಚಿತ್ರ ಚೆನ್ನಾಗಿ ಬರಲೆಂದು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವುದು. ಶತಮಾನಗಳು ಕಟ್ಟಿದ ಪದರ ಆ ಒಂದು ಗಳಿಗೆಯಲ್ಲಿ ಹೋಗಿಬಿಡುತ್ತದೆ. ಈಗಿನ ಡಿಜಿಟಲ್ ಯುಗದಲ್ಲಿ ಉಜ್ಜುವ ಕೆಲಸವನ್ನು ಕಂಪ್ಯೂಟರೂ ಮಾಡಬಲ್ಲುದು. ಗೀರು ಅಳಿಸಿ, ಬಣ್ಣ ಏರಿಸಿದ ಚಿತ್ರ ಕೊಳ್ಳುವವನಿಗೆ ಮೋಸ, ಚರಿತ್ರೆಗೂ ಮೋಸ. ಹಿಂದಿನ ಕಲಾವಿದನ ದೋಷ ಹೊಸ ವೇಷದಲ್ಲಿ ಮರಳಿದಂತೆ.

ಉಳುವಾಗ ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ಆದರೂ ಅಕ್ಕಸಾಲಿಗನ ಮೂಸೆ ಸೇರಿದ ನಾಣ್ಯಗಳಿಗೆ ಲೆಕ್ಕವಿಟ್ಟವರಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಹಣಕ್ಕೂ ಈ ಮಾತು ಸಲ್ಲುತ್ತದೆ. ಎರಡೂ ಮುಖಗಳ ಚಿತ್ರ, ಪಕ್ಕದಲ್ಲಿ ಅಳತೆ, ಜೊತೆಗೆ ತೂಕ ಮತ್ತು ಸಿಕ್ಕ ಜಾಗದ ಟಿಪ್ಪಣಿ ಇದ್ದರೆ, ನಾಳೆ ನಾಣ್ಯ ಕೈತಪ್ಪಿದರೂ ಅದು ಹೇಳಬೇಕಾದ ಮಾತು ಉಳಿದಿರುತ್ತದೆ.