ಬೀರುವಿನಿಂದ ಬೀದಿಗೆ: ಸಾರ್ವಜನಿಕ ಗ್ರಂಥಾಲಯ ನಡೆದು ಬಂದ ದಾರಿ



ಗ್ರಂಥಾಲಯ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಮೂಡುತ್ತದೆ? ನನಗೆ ಇಂದಿಗೂ ನೆನಪಾಗುವುದು ನಾನು ಓದಿದ ಶಾಲೆಯ ಒಂದು ಗಾಜಿನ ಬೀರು. ಅದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿತ್ತು. ಗಾಜಿನ ಹಿಂದೆ ಪುಸ್ತಕಗಳ ಬೆನ್ನು ಕಾಣುತ್ತಿತ್ತು, ಹೆಸರನ್ನೂ ಓದಬಹುದಾಗಿತ್ತು. ಆದರೆ ಬೀರುವಿಗೆ ಬೀಗ. ಬೀಗದ ಕೈ ಒಬ್ಬ ಮೇಷ್ಟರ ಜೇಬಿನಲ್ಲಿ. ಕೇಳಿದರೆ, "ಪುಸ್ತಕ ಕಳೆದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರಪ್ಪ" ಎನ್ನುತ್ತಿದ್ದರು. ಆಗ ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ತಪ್ಪು ಅವರದಲ್ಲವೆಂದು ತಿಳಿಯುತ್ತದೆ. ಪುಸ್ತಕ ಕಾಯುವುದಕ್ಕೆ ಇದೆಯೋ, ಓದುವುದಕ್ಕೆ ಇದೆಯೋ ಎಂಬ ಪ್ರಶ್ನೆ ಆ ಬೀರುವಿಗಿಂತ ಎಷ್ಟೋ ಹಳೆಯದು. ಸಾರ್ವಜನಿಕ ಗ್ರಂಥಾಲಯದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಇತಿಹಾಸ.

ಕಾಯುವವರು ಮತ್ತು ಹಂಚುವವರು

ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಮೇಜಿಗೆ ಬಿಗಿಯುತ್ತಿದ್ದರು. ಕೈಯಿಂದ ಬರೆದ ಒಂದು ಪ್ರತಿ ತಯಾರಾಗಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ಕಳೆದುಹೋದರೆ ಮತ್ತೆ ಸಿಗುವುದು ಕಷ್ಟ. ನಮ್ಮಲ್ಲಿಯೂ ಮಠಗಳು, ಬಸದಿಗಳು ಓಲೆಗರಿಗಳನ್ನು ಜೋಪಾನವಾಗಿ ಕಾಪಾಡಿದವು. ಮೂಡುಬಿದಿರೆಯ ಬಸದಿಯಲ್ಲಿದ್ದ ಧವಳಾ ಗ್ರಂಥದ ಓಲೆಗರಿಗಳನ್ನು ನೆನೆಯಿರಿ. ಪ್ರಾಕೃತ-ಸಂಸ್ಕೃತದ ಆ ಗ್ರಂಥ ಹಳಗನ್ನಡ ಲಿಪಿಯಲ್ಲಿ ಉಳಿದುಬಂದದ್ದು ಅಲ್ಲಿ. ಶತಮಾನಗಳ ಕಾಲ ಭಕ್ತರು ಅದರ ದರ್ಶನ ಪಡೆದರೇ ಹೊರತು ಓದಿದವರು ತೀರ ವಿರಳ. ಅದರ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಕಾದವರು ಇಲ್ಲದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು. ಬರಿದೇ ಕಾಯುತ್ತಲೇ ಇದ್ದಿದ್ದರೆ ಅದು ನಮಗೆ ತಲುಪುತ್ತಲೂ ಇರಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಪರಂಪರೆಯೂ ಕನ್ನಡ ನಾಡಿನಲ್ಲಿತ್ತು. ಅದು ಶಾಸ್ತ್ರದಾನ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ 1000 ಪ್ರತಿ! ಅಷ್ಟು ಓಲೆಗರಿ ಹದಗೊಳಿಸಬೇಕು, ಅಷ್ಟು ಲಿಪಿಕಾರರನ್ನು ಸಾಕಬೇಕು. ಪುಸ್ತಕ ಒಂದು ಕಡೆ ಇದ್ದರೆ ಸಾಲದು, ಹಲವರ ಕೈಗೆ ಹೋಗಬೇಕು ಎಂಬ ತಿಳಿವಳಿಕೆ ಆಕೆಗಿತ್ತು. ಗ್ರಂಥಾಲಯ ಎಂಬ ಪದ ಬಳಸದೆಯೇ ಆಕೆ ಅದರ ಅರ್ಧ ಕೆಲಸವನ್ನು ಮಾಡಿದ್ದಳು.

ವರ್ಗಣಿಯ ವಾಚನಾಲಯ

ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಪುಸ್ತಕಗಳೂ ಪತ್ರಿಕೆಗಳೂ ಬಂದಮೇಲೆ ಊರೂರಿನ ವಿದ್ಯಾವಂತರು ಕೂಡಿ ವಾಚನಾಲಯಗಳನ್ನು ತೆರೆದರು. ಬೆಳಗಾವಿಯ ಸಾರ್ವಜನಿಕ ವಾಚನಾಲಯ 1848ರಷ್ಟು ಹಳೆಯದು. ಆದರೆ ಆ ಕಾಲದ ಇಂಥ ಸಂಸ್ಥೆಗಳು ಸಾಮಾನ್ಯವಾಗಿ ನಡೆಯುತ್ತಿದ್ದುದು ಸದಸ್ಯರ ವರ್ಗಣಿಯಿಂದ. ವರ್ಗಣಿ ಕೊಡಬಲ್ಲವನಿಗೆ ಬಾಗಿಲು ತೆರೆದಿತ್ತು, ಕೊಡಲಾರದವನಿಗೆ ಇಲ್ಲ.

ಇಂಗ್ಲೆಂಡಿನಲ್ಲಿ 1850ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು. ಪಟ್ಟಣ ಸಭೆಗಳು ಸಣ್ಣದೊಂದು ತೆರಿಗೆ ಎತ್ತಿ ಗ್ರಂಥಾಲಯ ನಡೆಸಬಹುದು ಎಂದು ಅದು ಹೇಳಿತು. ಅದರಲ್ಲೊಂದು ತಮಾಷೆಯೂ ಇತ್ತು. ಆ ಹಣದಲ್ಲಿ ಕಟ್ಟಡ ಕಟ್ಟಬಹುದಾಗಿತ್ತು, ಪುಸ್ತಕ ಕೊಳ್ಳುವಂತಿರಲಿಲ್ಲ! ಐದು ವರ್ಷಗಳ ಬಳಿಕ, 1855ರಲ್ಲಿ, ಈ ತಪ್ಪನ್ನು ತಿದ್ದಿದರು. ಆದರೂ ಒಂದು ದೊಡ್ಡ ತತ್ವ ಸ್ಥಾಪಿತವಾಯಿತು: ಗ್ರಂಥಾಲಯ ಯಾರದೋ ಔದಾರ್ಯವಲ್ಲ, ಊರವರ ಹಣದಿಂದ ಊರವರಿಗಾಗಿ ನಡೆಯುವ ವ್ಯವಸ್ಥೆ.

ಬರೋಡದ ಪುಸ್ತಕದ ಪೆಟ್ಟಿಗೆ

ಭಾರತದಲ್ಲಿ ಈ ತತ್ವವನ್ನು ಹಳ್ಳಿಯವರೆಗೆ ಒಯ್ದವರು ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು. ಅವರು 1893ರಲ್ಲಿ ಅಮ್ರೇಲಿ ಪ್ರದೇಶದಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗ ಮಾಡಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಆಗ ಅವರಿಗೆ ಒಂದು ಚಿಂತೆ ಹತ್ತಿತು. ಶಾಲೆ ಬಿಟ್ಟ ಮಗು ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರವನ್ನು ಮರೆಯುವುದಿಲ್ಲವೇ? ಅಮೆರಿಕದ ಪ್ರವಾಸದಲ್ಲಿ ಅಲ್ಲಿನ ಗ್ರಂಥಾಲಯಗಳನ್ನು ಕಂಡಿದ್ದ ಅವರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕರನ್ನು ಬರಮಾಡಿಕೊಂಡರು.

ಬೋರ್ಡನ್ ಇದ್ದದ್ದು 1913ರವರೆಗೆ ಮಾತ್ರ. ಆ ಅಲ್ಪ ಅವಧಿಯಲ್ಲಿ ಬರೋಡ ನಗರದಲ್ಲಿ ಕೇಂದ್ರ ಗ್ರಂಥಾಲಯ, ಹಳ್ಳಿಗಳಲ್ಲಿ ಶಾಖೆಗಳು, ದೂರದ ಊರುಗಳಿಗೆ ಮರದ ಪೆಟ್ಟಿಗೆಯಲ್ಲಿ ಹೋಗುವ ಸಂಚಾರಿ ಗ್ರಂಥಾಲಯ, ಇವೆಲ್ಲ ರೂಪುಗೊಂಡವು. ಹಳ್ಳಿಯವರು ಒಂದು ಪಾಲು ಹಣ ಕೂಡಿಸಿದರೆ ಸ್ಥಳೀಯ ಮಂಡಳಿ ಒಂದು ಪಾಲು, ಸರ್ಕಾರ ಒಂದು ಪಾಲು ಸೇರಿಸುತ್ತಿತ್ತು. ತಾವೂ ಹಣ ಹಾಕಿದ್ದರಿಂದ ಹಳ್ಳಿಯ ಜನರಿಗೆ ಅದು "ನಮ್ಮದು" ಎನ್ನಿಸಿತು.

ಕಿರುತೆರೆಯನ್ನು ನೋಡುವ ನಿಮಗೆ ಹೆಚ್ಚು ಕುತೂಹಲ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಬರೋಡದ ಗ್ರಂಥಾಲಯ ಇಲಾಖೆಯಲ್ಲಿ ದೃಶ್ಯ ಶಿಕ್ಷಣದ ಒಂದು ವಿಭಾಗವಿತ್ತು. ಮಾಯಾದೀಪದ ಚಿತ್ರಗಳನ್ನು, ಚಲನಚಿತ್ರಗಳನ್ನು ಹಳ್ಳಿಗಳಿಗೆ ಒಯ್ದು ಜನರಿಗೆ ತೋರಿಸುತ್ತಿದ್ದರು. ಅಕ್ಷರ ಬಾರದವನಿಗೂ ಗ್ರಂಥಾಲಯದಲ್ಲಿ ಪಾಲಿದೆ ಎಂಬುದು ಅದರ ಅರ್ಥ. ಗ್ರಂಥಾಲಯದಲ್ಲಿ "ಕಾರ್ಯಕ್ರಮ" ನಡೆಯಬೇಕೇ ಎಂದು ಇಂದು ಯಾರಾದರೂ ಹುಬ್ಬೇರಿಸಿದರೆ ನೂರು ವರ್ಷಕ್ಕೂ ಹಿಂದಿನ ಈ ಉದಾಹರಣೆಯನ್ನು ಹೇಳಬಹುದು.

ಕಬ್ಬನ್ ಉದ್ಯಾನದ ಕೆಂಪು ಕಟ್ಟಡ

ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಬೆಂಗಳೂರು, ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾದವು. ಬೆಂಗಳೂರಿನ ಗ್ರಂಥಾಲಯಕ್ಕೆ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೇ ಮನೆಯಾಯಿತು. ಕೆಂಪು ಬಣ್ಣದ ಆ ಕಟ್ಟಡವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ ಭವನ ಅದು. ಇಂದು ಅಲ್ಲಿರುವುದು ರಾಜ್ಯ ಕೇಂದ್ರ ಗ್ರಂಥಾಲಯ.

1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದು ನಿಮ್ಮ ಪಠ್ಯಪುಸ್ತಕದಲ್ಲಿದೆ. ಅದೇ ಸಂದರ್ಭದಲ್ಲಿ ಅದೇ ಊರಿನಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆಯಿತು. ಅದರ ಅಧ್ಯಕ್ಷರು ದೇಶಬಂಧು ಚಿತ್ತರಂಜನ ದಾಸರು. ಸ್ವಾತಂತ್ರ್ಯದ ಚಳವಳಿ ಮತ್ತು ಗ್ರಂಥಾಲಯದ ಚಳವಳಿ ಒಂದೇ ಊರಿನಲ್ಲಿ ಸೇರಿದ್ದವು. ಓದು ಬಲ್ಲ ಪ್ರಜೆಯಿಲ್ಲದೆ ಸ್ವರಾಜ್ಯ ನಿಲ್ಲದು ಎಂಬುದನ್ನು ಆ ತಲೆಮಾರಿನವರು ಬಲ್ಲರು.

ಗಣಿತದ ಮೇಷ್ಟರ ಐದು ಸೂತ್ರಗಳು

1924ರ ವರ್ಷಕ್ಕೆ ಇನ್ನೊಂದು ಮಹತ್ವವಿದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಎಸ್.ಆರ್. ರಂಗನಾಥನ್ ಎಂಬ ತರುಣ ಆ ವರ್ಷ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಗತಿಯ ಗದ್ದಲಕ್ಕೆ ಒಗ್ಗಿದ್ದ ಅವರಿಗೆ ಗ್ರಂಥಾಲಯದ ಮೌನ ಸಹಿಸದಾಯಿತು. ಪಾಠ ಹೇಳುವ ಕೆಲಸಕ್ಕೇ ಮರಳಬೇಕೆಂದು ಹಂಬಲಿಸಿದರು. ಆದರೆ ತರಬೇತಿಗಾಗಿ ಲಂಡನ್ನಿಗೆ ಹೋದಾಗ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮಕ್ಕಳು, ಕಾರ್ಮಿಕರು, ಗೃಹಿಣಿಯರು ಸಹಜವಾಗಿ ಬಂದು ಪುಸ್ತಕ ಒಯ್ಯುವುದನ್ನು ಕಂಡರು. ಊರಿಗೆ ಮರಳಿದ್ದು ಬೇರೆಯೇ ಮನುಷ್ಯನಾಗಿ.

1931ರಲ್ಲಿ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಅವು ಕೇಳುವುದಕ್ಕೆ ಬಹಳ ಸರಳ. ಪುಸ್ತಕ ಇರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ಸಿಗಬೇಕು. ಓದುಗನ ಸಮಯ ಉಳಿಯಬೇಕು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ.

ಸರಳವೆಂದು ಹಗುರವಾಗಿ ಕಾಣಬೇಡಿ. ಮೊದಲ ಸೂತ್ರವೊಂದನ್ನೇ ನಮ್ಮ ಶಾಲೆಯ ಆ ಗಾಜಿನ ಬೀರುವಿಗೆ ಹಚ್ಚಿ ನೋಡಿ. ಪುಸ್ತಕ ಬಳಕೆಗೆ ಎಂದಾದರೆ ಬೀಗ ತೆಗೆಯಬೇಕು. ಬೀಗ ತೆಗೆದರೆ ಕೆಲವು ಪುಸ್ತಕ ಸವೆಯುತ್ತವೆ, ಕೆಲವು ಕಳೆಯುತ್ತವೆ. ಅದನ್ನು ನೌಕರನ ಸಂಬಳದಿಂದ ವಸೂಲು ಮಾಡದೆ ಬಳಕೆಯ ವೆಚ್ಚವೆಂದು ಭಾವಿಸಬೇಕು. ಹೀಗೆ ಒಂದು ಸೂತ್ರ ಇಡೀ ಆಡಳಿತವನ್ನೇ ಬದಲಿಸುತ್ತದೆ.

ಮೂರನೆಯ ಸೂತ್ರ ಇನ್ನೂ ಸೊಗಸಾದದ್ದು. ಪುಸ್ತಕಕ್ಕೆ ಬಾಯಿಲ್ಲ, "ನನ್ನನ್ನು ಓದು" ಎಂದು ಅದು ಕೂಗಿ ಕರೆಯಲಾರದು. ಅದರ ಪರವಾಗಿ ಗ್ರಂಥಪಾಲಕ ಮಾತಾಡಬೇಕು. ಓದುಗರನ್ನು ಕಪಾಟಿನ ಬಳಿಗೆ ಬಿಡುವುದು, ಹೊಸ ಪುಸ್ತಕಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಜೋಡಿಸುವುದು, ಕವಿಯ ಜಯಂತಿಯಂದು ಆ ಕವಿಯ ಕೃತಿಗಳ ಪ್ರದರ್ಶನ, ಓದಬೇಕಾದ ಪುಸ್ತಕಗಳ ಪಟ್ಟಿ, ಮಕ್ಕಳಿಗೆ ಕತೆ ಹೇಳುವ ಗಂಟೆ, ಲೇಖಕರೊಡನೆ ಸಂವಾದ ಇವೆಲ್ಲ ಈ ಸೂತ್ರದ ಮಕ್ಕಳೇ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ನಡೆಯುವ ಗ್ರಂಥಾಲಯ ಸಪ್ತಾಹದ ಉದ್ದೇಶವೂ ಇದೇ.

ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರ ಸೆಪ್ಟೆಂಬರ್ 27ರಂದು ಇದೇ ನಗರದಲ್ಲಿ ತೀರಿಕೊಂಡರು.

ಗಾಡಿ ಏರಿದ, ದೋಣಿ ಹತ್ತಿದ ಪುಸ್ತಕ

ಓದುಗ ಗ್ರಂಥಾಲಯಕ್ಕೆ ಬಾರದಿದ್ದರೆ ಗ್ರಂಥಾಲಯವೇ ಅವನಲ್ಲಿಗೆ ಹೋಗಬಾರದೇಕೆ? 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಗಾಡಿಯೊಳಗೆ ಪುಸ್ತಕ ತುಂಬಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗುವ ಏರ್ಪಾಡು. 1935ರಲ್ಲಿ ಆಂಧ್ರದ ಕೃಷ್ಣಾ ನದಿಯ ಕಾಲುವೆಯಲ್ಲಿ ದೋಣಿಯ ಗ್ರಂಥಾಲಯ ತೇಲಿತು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಶಿಕ್ಷಕರು 1945ರಲ್ಲಿ 47 ಹಳ್ಳಿ ಗ್ರಂಥಾಲಯಗಳನ್ನು ಒಂದುಗೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಅಲ್ಲಿಯ ಗ್ರಂಥಾಲಯಗಳು ಚರ್ಚೆ, ನಾಟಕ, ಅಕ್ಷರ ತರಗತಿಗಳ ತಾಣವಾದವು. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಇಂದಿಗೂ ಓದಿನ ದಿನವೆಂದು ಆಚರಿಸುತ್ತಾರೆ.

ಕಾಯಿದೆ ಮತ್ತು ಕರ

ಉತ್ಸಾಹಿಗಳು ಇರುವವರೆಗೆ ಗಾಡಿ ಓಡುತ್ತದೆ, ಅವರ ಬಳಿಕ? ಅದಕ್ಕೇ ಕಾಯಿದೆ ಬೇಕು ಎಂದು ರಂಗನಾಥನ್ ವಾದಿಸಿದರು. 1930ರಲ್ಲೇ ಕಾಶಿಯಲ್ಲಿ ನಡೆದ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಕಾಯಿದೆಯನ್ನು ಮಂಡಿಸಿದ್ದರು. 1948ರ ಮದ್ರಾಸು ಕಾಯಿದೆ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆಯಾಯಿತು. ನಮ್ಮಲ್ಲಿ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದು, 1966ರಲ್ಲಿ ಜಾರಿಗೊಂಡು, ಅದಕ್ಕಾಗಿಯೇ ಪ್ರತ್ಯೇಕ ಇಲಾಖೆ ಹುಟ್ಟಿತು.

ಇದರ ಹೃದಯವಿರುವುದು ಗ್ರಂಥಾಲಯ ಕರದಲ್ಲಿ. ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಬೆಂಗಳೂರಿನಂಥ ನಗರದಲ್ಲಿ 100 ರೂಪಾಯಿ ಆಸ್ತಿ ತೆರಿಗೆಗೆ 6 ರೂಪಾಯಿ ಗ್ರಂಥಾಲಯ ಕರವೆಂದು ಸೇರಿರುತ್ತದೆ. ಬಾಡಿಗೆ ಮನೆಯವರೂ ಬಾಡಿಗೆಯ ಮೂಲಕ ಇದನ್ನು ತೆರುತ್ತಾರೆ. ಹೀಗಾಗಿ ಗ್ರಂಥಾಲಯದೊಳಗೆ ಯಾರೂ ಸಂಕೋಚದಿಂದ ಕಾಲಿಡಬೇಕಾಗಿಲ್ಲ. ಆದರೆ ಹೀಗೆ ಕೂಡಿದ ಹಣ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯಕ್ಕೆ ಸಕಾಲದಲ್ಲಿ ಸಂದಾಯವಾಗುವುದಿಲ್ಲ ಎಂಬ ದೂರು ಮತ್ತೆಮತ್ತೆ ಕೇಳಿಬರುತ್ತದೆ. ಹಣ ತಡವಾದರೆ ಹೊಸ ಪುಸ್ತಕ ತಡವಾಗುತ್ತದೆ. ಹೊಸ ಪುಸ್ತಕವಿಲ್ಲದ ಗ್ರಂಥಾಲಯಕ್ಕೆ ಓದುಗ ಬರುವುದಿಲ್ಲ. ಓದುಗನಿಲ್ಲದ ಗ್ರಂಥಾಲಯಕ್ಕೆ ಹಣ ಏಕೆ ಎಂಬ ಮಾತು ಆಮೇಲೆ ಹುಟ್ಟುತ್ತದೆ. ಈ ವಿಷವರ್ತುಲವನ್ನು ಕಡಿಯಬಲ್ಲವನು ಓದುಗನೇ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದವು. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಅದು ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ವರ್ಷ ಎಂಬುದನ್ನು ಮರೆಯಬಾರದು. ಇಂದು ಈ ಗ್ರಂಥಾಲಯಗಳು "ಅರಿವು ಕೇಂದ್ರ" ಎಂಬ ಹೆಸರು ಪಡೆದಿವೆ. ಹಲವು ಕಡೆ ಕಂಪ್ಯೂಟರ್ ಬಂದಿದೆ, ಗೋಡೆಗಳ ಮೇಲೆ ಚಿತ್ರಗಳು ಮೂಡಿವೆ. ಐದನೆಯ ಸೂತ್ರ ಹೇಳಿದಂತೆ, ಜೀವಿ ಬೆಳೆಯುತ್ತಿದೆ.

ಇನ್ನು ನಿಮ್ಮ ಸರದಿ

ನಗರದ ಗ್ರಂಥಾಲಯಗಳಲ್ಲಿ ಇಂದು ಬಹುಪಾಲು ಕುರ್ಚಿಗಳನ್ನು ತುಂಬಿರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು. ಮನೆಯಲ್ಲಿ ಓದಲು ಮೂಲೆಯೂ ಇಲ್ಲದವರಿಗೆ ಅದು ದೊಡ್ಡ ಆಸರೆ. ಅದನ್ನು ಹಳಿಯಬೇಕಾಗಿಲ್ಲ. ಆದರೆ ಅವರು ಕುಳಿತ ಕುರ್ಚಿಯ ಹಿಂದಿನ ಕಪಾಟಿನಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕವೊಂದು ಕಾಯುತ್ತಿರಬಹುದು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಊರಿನ ಗ್ರಂಥಾಲಯ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ವಿಚಾರಿಸಿ. ಸದಸ್ಯರಾಗಿ. ಪಠ್ಯಕ್ಕೆ ಸಂಬಂಧವೇ ಇಲ್ಲದ ಒಂದು ಪುಸ್ತಕವನ್ನು ಎರವಲು ತನ್ನಿ. ಓದಿ ಹಿಂತಿರುಗಿಸುವಾಗ ಇಬ್ಬರು ಗೆಳೆಯರಿಗೆ ಅದರ ವಿಷಯ ಹೇಳಿ. ನಾಲ್ಕು ಮಂದಿ ಸೇರಿದರೆ ತಿಂಗಳಿಗೊಮ್ಮೆ ಅಲ್ಲೇ ಕುಳಿತು ಮಾತಾಡಲು ಅನುಮತಿ ಕೇಳಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಸುಮ್ಮನೆ ಮರಳದೆ ಅದರ ಹೆಸರನ್ನು ಬರೆದುಕೊಡಿ. ಕೇಳುವವರಿದ್ದರೆ ತರಿಸುವವರೂ ಇರುತ್ತಾರೆ.

ಶಾಲೆಯ ಬೀರುವಿನ ಮುಂದೆ ನಿಂತಿದ್ದ ಹುಡುಗನಿಗೆ ಕೇಳುವ ಧೈರ್ಯವಿರಲಿಲ್ಲ, ಅದು ತನ್ನ ಹಕ್ಕೆಂಬ ತಿಳಿವಳಿಕೆಯೂ ಇರಲಿಲ್ಲ. ನಿಮಗೆ ಈಗ ಅದು ತಿಳಿದಿದೆ. ಹೋಗಿ ಕೇಳಿ.